ಚಿಕ್ಕಪ್ಪನ ಫ್ಲೂ ಪೆಟ್ಟಿಗೆ

ದೊಡ್ಡಬಳ್ಳಾಪುರ
೧೧-೮-೧೯೯೩

ಪೂಜ್ಯ ಅಮ್ಮನ ಸಮ್ಮುಖಕ್ಕೆ,

ಇಲ್ಲಿ ಮಗ್ಗಗಳ ಸದ್ದಿಗೆ ಊರೇ ಕೂಗಿ ಮಾತಾಡುತ್ತದೆ. ಚಿಕ್ಕಪ್ಪ ಮಾತ್ರ ಯಾರಾದರೂ ಸೀನುತ್ತಾರೇನೋ ಎಂದು ಕಿವಿಗೊಟ್ಟಿರುತ್ತಾರೆ. ಫ್ಲೂ ಬಂದು ನೇಕಾರರೆಲ್ಲ ಮಲಗಿದರೆ ಆಗುವ ನಷ್ಟಕ್ಕಿಂತ ಮಾತ್ರೆಯೇ ಅಗ್ಗವೆಂದು, ಹೋದ ವರ್ಷ ಪೆಟ್ಟಿಗೆ ತುಂಬ ಮಾತ್ರೆ ತಂದು ಬೀಗ ಹಾಕಿಟ್ಟಿದ್ದಾರೆ. ಫ್ಲೂ ಬರಲೇ ಇಲ್ಲ. ಈ ತಿಂಗಳು ಮಾತ್ರೆಯ ಡೇಟು ಮುಗಿಯುತ್ತದೆ. ಅವರ ಸಂಕಟ ನೋಡಲಾರದೆ, ಲೋಕಕಲ್ಯಾಣಾರ್ಥವಾಗಿ ನಿನ್ನೆ ಮಗ್ಗದ ಮನೆಯ ಫ್ಯಾನಿನ ಮುಂದೆ ನಶ್ಯ ತೂರಿದೆ. ಎಲ್ಲರೂ ಒಟ್ಟಿಗೆ ಸೀನಿದರು.

“ಬಂತು ಕಣೇ, ಫ್ಲೂ ಬಂತು!” ಎಂದು ಚಿಕ್ಕಪ್ಪ ಮದುವೆಮನೆಯ ಸಂಭ್ರಮದಲ್ಲಿ ಬೀಗದ ಕೈ ಹುಡುಕತೊಡಗಿದರು. ಚಿಕ್ಕಮ್ಮ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡರು. “ಲೇ, ಪೆಟ್ಟಿಗೇಲಿ ಬರೀ ಹಳೇ ಬಟ್ಟೆ ಐತೆ ಕಣೋ. ಮಾತ್ರೆ ಆವಾಗ್ಲೇ ಅಂಗಡಿಗೆ ವಾಪಸ್ ಕೊಟ್ಟು ಮಿಕ್ಸಿ ತಂದ್ಬಿಟ್ಟೆ. ನಮ್ಮಕ್ಕ ಕೊಡಿಸಿದ್ದು ಅಂತ ಹೇಳಿದೀನಿ. ಏನಾದ್ರೂ ಮಾಡೋ!”

ನಶ್ಯದ ಡಬ್ಬಿ ಹಿಡಿದು, ಸೀನಿಸಿದ್ದು ನಾನೇ ಎಂದು ಚಿಕ್ಕಪ್ಪನಿಗೆ ಶರಣಾದೆ. ಪೆಟ್ಟಿಗೆ ತೆರೆಯದೆ ಉಳಿಯಿತು, ನನ್ನ ಕಿವಿ ಊದಿತು. ಮಿಕ್ಕಂತೆ ಆರೋಗ್ಯವಾಗಿದ್ದೇನೆ.

ಭಾನುವಾರ ಚಿಕ್ಕಪ್ಪ ನನ್ನ ಮೇಲೆ ದೂರು ಹೇಳಲು ಅಲ್ಲಿಗೆ ಬರುತ್ತಾರೆ. ಅವರು ಬಾಯಿ ತೆರೆಯುವ ಮೊದಲೇ ಮಿಕ್ಸಿ ಚೆನ್ನಾಗಿ ಅರೆಯುತ್ತದಾ ಎಂದು ಕೇಳಿಬಿಡು. ಕೊಡಿಸಿದವಳು ನೀನು.

ಅಂಚೆಗೆ ತಾವೇ ಹಾಕುತ್ತೇನೆಂದು ಚಿಕ್ಕಪ್ಪ ಕೇಳಿದರೂ ಕೊಡದೆ, ಈ ಕಾರ್ಡನ್ನು ತಾನೇ ಅಂಚೆಡಬ್ಬಿಗೆ ಹಾಕಲು ಓಡುತ್ತಿರುವ,
ಲೋಕಿ