ಪೆನ್‌ಡ್ರೈವಿನ ಸಾಕ್ಷಿ

ಮಂಗಳವಾರ, ನವೆಂಬರ್ 18. ಸಿರುಗುಪ್ಪ.

ಇವತ್ತು ಗೆದ್ದೆ!

ಕಿವಿ ಕೇಳದ ತಂಗಿ ರಾಧಾ ಎರಡು ತಿಂಗಳಿಂದ ಸಂಜೆಯ ಕೈಸನ್ನೆ ವಾರ್ತೆಯ ಮುಂದೆ ಕಣ್ಣು ಕಿರಿದು ಮಾಡಿ ಕೂರುತ್ತಿದ್ದಳು. ವಾರ್ತೆಯಾಕೆ ಕೈ ಆಡಿಸಿದರೆ ಸಾಕು, ಬೆರಳೆಲ್ಲ ಚೌಕಚೌಕವಾಗಿ ಕಲಸಿಹೋಗುತ್ತಿದ್ದವು. ಕೇಬಲ್ ಆಫೀಸಿನ ದೊಡ್ಡಬಸವರಾಜನದು ಒಂದೇ ಮಾತು: “ನಿಮ್ ಟಿವಿ ಹಳೇದಾಗೈತ್ರಿ ಅಕ್ಕಾರ.”

ನಿನ್ನೆ ಸೆಟ್‌ಟಾಪ್ ಬಾಕ್ಸಿಗೆ ಪೆನ್‌ಡ್ರೈವ್ ಸಿಕ್ಕಿಸಿ ಆ ಚಾನೆಲ್ ಒಂದು ತಾಸು, ಸಿನಿಮಾ ಚಾನೆಲ್ ಒಂದು ತಾಸು ರೆಕಾರ್ಡ್ ಮಾಡಿದೆ. ಸಿನಿಮಾದ ಫೈಲು ಹದಿನೆಂಟುನೂರು ಎಂಬಿ, ವಾರ್ತೆಯದು ಬರೀ ನಾಲ್ಕುನೂರ ಐವತ್ತು. ಕಾಲು ಭಾಗ! ಚಿತ್ರವನ್ನು ಅಷ್ಟು ಹಿಂಡಿದರೆ ಬೆರಳು ಎಲ್ಲಿ ಉಳಿಯಬೇಕು?

ಬೆಳಿಗ್ಗೆ ಪೆನ್‌ಡ್ರೈವನ್ನು ದೊಡ್ಡಬಸವರಾಜನ ಕಂಪ್ಯೂಟರಿಗೇ ಹಾಕಿಸಿ ತೋರಿಸಿದೆ. “ಇದರಾಗ ನನ್ ಟಿವಿ ಎಲ್ಲೈತಪ್ಪಾ? ನೀವು ಕಳಿಸಿದ್ದೇ ಇಷ್ಟು.”

ಎರಡೂ ಫೈಲು ತೆರೆದು ನೋಡಿದ. “ಆ ಚಾನೆಲ್ ಯಾರೂ ನೋಡಂಗಿಲ್ಲ ಅಂತ ನಾವೇ ಅದರ ಡೇಟಾ ಕಡಿಮಿ ಇಟ್ಟಿದ್ವಿರಿ.”

“ನಮ್ ರಾಧಾ ನೋಡ್ತಾಳ.”

“ಇವತ್ತೇ ಏರಿಸ್ತೀನ್ರಿ,” ಅಂದ. ಏರಿಸಿದ.

ಸಂಜೆ ಒಂದೊಂದು ಬೆರಳೂ ಬಿಡಿಬಿಡಿಯಾಗಿ ಕಂಡಿತು. ರಾಧಾ ಗೋಡೆಗೆ ಒರಗಿ, ಆರಾಮಾಗಿ ನೋಡಿದಳು. ಕಾಲುವೆಗೆ ನೀರು ಬಿಡುವ ಸುದ್ದಿ ಬಂದಾಗ ಕುಣಿದಾಡುವ ಕೈಗಳಿಂದ ನನಗೆ ತಿಳಿಸಿದಳು. ಟಿವಿಯ ದನಿಯಲ್ಲಿ ಆ ಸುದ್ದಿ ನನಗೆ ಆಗಲೇ ಕೇಳಿಸಿತ್ತು. ಆದರೂ ಏನೂ ಗೊತ್ತಿಲ್ಲದವಳಂತೆ, ಅವಳು ಹೇಳಿ ಮುಗಿಸುವವರೆಗೆ ಅವಳ ಬೆರಳುಗಳನ್ನೇ ನೋಡುತ್ತ ಕೂತೆ.