ಎಂಟನೆಯ ತರಗತಿಯವರೆಗೆ ಒಂದೇ ಬೆಂಚು

ಜೂನ್ ೧೪, ಭಾನುವಾರ ಮಧ್ಯಾಹ್ನ

ಚಿರಂಜೀವಿ ಚಟಪಟನಿಗೆ,

ನಲವತ್ತೊಂದು ವರ್ಷದ ಗಂಡಸನ್ನು ಈ ಹೆಸರಿನಿಂದ ಕರೆಯಬಾರದು ಎಂದು ನಿನ್ನ ಹೆಂಡತಿ ಹೋದ ಸಲವೇ ಹೇಳಿದ್ದಳು. ಬರೆಯುವವಳು ನಾನು, ಓದುವವನು ನೀನು, ನಡುವೆ ಅವಳಿಗೇನು ಕೆಲಸ ಎಂದು ಕೇಳು. ಬೇಡ, ಕೇಳಬೇಡ. ಸೊಸೆಯ ಹತ್ತಿರ ನನಗೆ ಒಳ್ಳೆಯ ಹೆಸರಿದೆ, ಅದನ್ನು ಕೆಡಿಸಬೇಡ.

ನಿನ್ನ ಪತ್ರ ಬಂದು ಇಪ್ಪತ್ತೆರಡು ದಿನವಾಯಿತು. ಮನೆಪಾಠ ಮಾಡದೆ ಬಂದ ಮಕ್ಕಳ ಬಾಯಲ್ಲಿ ನಾನು ಕೇಳದ ನೆಪ ಲೋಕದಲ್ಲೇ ಇಲ್ಲ. ಹಾಗಾಗಿ ಈಗ ನಾನೇ ನೆಪ ಹೇಳಲು ನಾಚಿಕೆ. ಬಲಗೈ ಮಣಿಕಟ್ಟು ನೋಯುತ್ತದೆ ಎನ್ನುವುದು ನಿಜ. ಮೂರು ಸಲ ಬರೆಯಲು ಕೂತು ಹರಿದುಹಾಕಿದೆ ಎನ್ನುವುದೂ ನಿಜ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪ ಬಸ್ಸು ಓಡಿಸುವುದು ಬಿಟ್ಟು ಒಂಬತ್ತು ವರ್ಷವಾದರೂ ಕುರ್ಚಿಯಲ್ಲಿ ಕೂತಾಗ ಬಲಗಾಲು ಬ್ರೇಕ್ ಹುಡುಕುತ್ತದೆ. ನಾನು ಸ್ವಲ್ಪ ಜೋರಾಗಿ ಮಾತಾಡಿದರೆ ಒತ್ತಿಯೇಬಿಡುತ್ತಾರೆ.

ಸುದ್ದಿ ನಿನಗೆ ಆಗಲೇ ಮುಟ್ಟಿರುತ್ತದೆ. ಆದರೂ ನನ್ನ ಕೈಯಿಂದ ಬರೆಯಬೇಕು ಎಂಬ ಆಸೆ. ಮೊನ್ನೆ ಗುರುವಾರ ಮಸೂದೆ ಪಾಸಾಯಿತು. ವಿಂಗಡಣೆ ಪರೀಕ್ಷೆ ಇನ್ನಿಲ್ಲ. ಐದನೆಯ ತರಗತಿಯ ಕೊನೆಯಲ್ಲಿ, ಒಂದೇ ಒಂದು ದಿನ, ಮೂರು ಗಂಟೆ ಹೊತ್ತು ಮಕ್ಕಳನ್ನು ಕೂರಿಸಿ, ಇವನು ಓದುವವನು, ಇವನು ದುಡಿಯುವವನು ಎಂದು ಗೆರೆ ಎಳೆಯುತ್ತಿದ್ದೆವಲ್ಲ, ಆ ಗೆರೆ ಅಳಿಸಿಹೋಯಿತು. ಬರುವ ವರ್ಷದಿಂದ ಎಂಟನೆಯ ತರಗತಿಯವರೆಗೆ ದೇಶದ ಎಲ್ಲ ಮಕ್ಕಳಿಗೂ ಒಂದೇ ಶಾಲೆ. ಪ್ರತಿ ಶಾಲೆಯಲ್ಲೂ ಒಂದು ಗ್ರಂಥಾಲಯ, ಒಂದು ಕಾರ್ಯಾಗಾರ. ಒಂಬತ್ತಕ್ಕೆ ಬಂದ ಮೇಲೆ ತಮಗೆ ಬೇಕಾದ ದಾರಿ ಹಿಡಿಯಬಹುದು. ಹಿಡಿದ ದಾರಿ ಸರಿಬರದಿದ್ದರೆ ಹಿಂದೆ ಬಂದು ಇನ್ನೊಂದನ್ನು ಹಿಡಿಯಬಹುದು. ಕಸುಬಿನ ಶಾಲೆಯ ಬಾಗಿಲು ಇನ್ನು ಮೇಲೆ ಎರಡೂ ಕಡೆಗೆ ತೆರೆಯುತ್ತದೆ. ನನ್ನ ಮೊಮ್ಮಗಳು ಬರುವ ಮಾರ್ಚ್‌ನಲ್ಲಿ ಆ ಪರೀಕ್ಷೆಗೆ ಕೂರಬೇಕಿತ್ತು. ಕೂರುವುದಿಲ್ಲ. ಈ ವಾಕ್ಯ ಬರೆದು ಎದ್ದುಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ನೀನು ಆಯೋಗದ ಮುಂದೆ ಮಾತಾಡಿದ್ದು ಪೇಪರಿನಲ್ಲಿ ನಾಲ್ಕೇ ಸಾಲು ಬಂದಿದೆ, ಪೂರ್ತಿ ಏನಾಯಿತು ಬರಿ ಎಂದಿದ್ದೀಯ. ಬರೆಯುತ್ತೇನೆ. ಜಂಬ ಅನ್ನಿಸಿದರೆ ಅನ್ನಿಸಲಿ, ಅರವತ್ತೇಳಕ್ಕೆ ಬಂದ ಜಂಬ.

ಚಳಿಗಾಲದಲ್ಲಿ ಇಲಾಖೆಯಿಂದ ಎಲ್ಲ ನಿವೃತ್ತ ಮುಖ್ಯೋಪಾಧ್ಯಾಯರಿಗೂ ಒಂದು ಪ್ರಶ್ನಾವಳಿ ಬಂತು. ಮೊದಲ ಪ್ರಶ್ನೆ, 'ರಾಷ್ಟ್ರೀಯ ಶಾಲಾ ಶಿಕ್ಷಣದ ಉದ್ದೇಶವೇನು? ಮುನ್ನೂರು ಪದಗಳಿಗೆ ಮೀರದಂತೆ ಉತ್ತರಿಸಿ.' ನಿಮ್ಮಪ್ಪ ನಕ್ಕಿದ್ದೇ ನಕ್ಕಿದ್ದು. "ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಇಂಥದ್ದೇ ಕೊಟ್ಟು ಗೋಳು ಹೊಯ್ಕೊಂಡೆಯಲ್ಲ, ಈಗ ಅನುಭವಿಸು" ಎಂದರು. ನಾನು ಎರಡು ದಿನ ಒದ್ದಾಡಿ ನಲವತ್ತು ಪದ ಬರೆದು ಕಳಿಸಿದೆ. ಮುನ್ನೂರು ತುಂಬಿಸುವಷ್ಟು ನನಗೆ ಗೊತ್ತಿರಲಿಲ್ಲ. ಆ ನಲವತ್ತು ಪದ ಓದಿ ಯಾರೋ ಏಪ್ರಿಲ್‌ನಲ್ಲಿ ನನ್ನನ್ನು ರಾಜಧಾನಿಗೆ, ಈ ಪರೀಕ್ಷೆ ಇರಬೇಕೇ ಬೇಡವೇ ಎಂದು ವಿಚಾರಿಸುತ್ತಿದ್ದ ಆಯೋಗದ ಮುಂದೆ ಬಂದು ಮಾತಾಡಿ ಎಂದು ಕರೆದರು.

ನಾನು ಅಂದುಕೊಂಡದ್ದು ದೊಡ್ಡ ಸಭಾಂಗಣ. ಅದು ನಮ್ಮ ಹಳೆಯ ಸ್ಟಾಫ್ ರೂಮಿನ ಎರಡರಷ್ಟಿದ್ದ ಒಂದು ಕೋಣೆ. ಲಾಳದ ಆಕಾರಕ್ಕೆ ಜೋಡಿಸಿದ ಮೇಜುಗಳು, ಪ್ರತಿಯೊಬ್ಬರ ಮುಂದೆ ಮುಚ್ಚಳ ತೆಗೆಯದ ನೀರಿನ ಬಾಟಲಿ. ನನಗೆ ಕೊಟ್ಟ ಕುರ್ಚಿ ಎಷ್ಟು ಗಿಡ್ಡವೆಂದರೆ ಮೇಜಿನ ಮೇಲೆ ನನ್ನ ತಲೆ ಮಾತ್ರ ಕಾಣುತ್ತಿತ್ತೋ ಏನೋ. ಹೇಳಿ ಬದಲಾಯಿಸಿಕೊಂಡೆ. ಬೆಂಚು ಸರಿಯಿಲ್ಲದ ಮಗು ಪಾಠ ಕೇಳುವುದಿಲ್ಲ ಎನ್ನುವುದು ನನಗೆ ಗೊತ್ತಿಲ್ಲದ್ದೇ?

ಅಧ್ಯಕ್ಷರು ಒಬ್ಬ ನಿವೃತ್ತ ನ್ಯಾಯಾಧೀಶರು, ಮೆಲುದನಿ. ಅವರ ಬಲಕ್ಕೆ ಒಬ್ಬ ಪ್ರೊಫೆಸರ್. ಎಡಕ್ಕೆ ರಾಜಧಾನಿಯ ಅತಿ ಹೆಸರುವಾಸಿ ಪ್ರೌಢಶಾಲೆಯ ಪ್ರಾಂಶುಪಾಲೆ, ಇಸ್ತ್ರಿ ಮಡಿಕೆ ಕೂಡ ಹೆದರಿ ನಿಂತಂಥ ಬಟ್ಟೆ. ಪ್ರೊಫೆಸರು ಗೋಡೆಯ ಮೇಲೆ ನಕ್ಷೆ ತೋರಿಸುತ್ತ, "ಹನ್ನೊಂದನೇ ವಯಸ್ಸಿಗೆ ಮಗುವಿನ ಸಾಮರ್ಥ್ಯ ಅಳೀಬಹುದು ಅನ್ನೋದಕ್ಕೆ ನಮ್ಮ ಹತ್ರ ನಲವತ್ತು ವರ್ಷದ ಅಂಕಿ ಅಂಶ ಇದೆ ಮೇಡಂ. ನಿಮ್ಮ ಹತ್ರ ಏನಿದೆ?" ಎಂದರು.

ನನ್ನ ಬಾಯಿ ನಿನಗೆ ಗೊತ್ತಲ್ಲ. "ನನ್ನ ಹತ್ರ ನಕ್ಷೆ ಇಲ್ಲ ಸಾರ್. ಮೂವತ್ತನಾಲ್ಕು ವರ್ಷ ಐದನೇ ಕ್ಲಾಸು ತಗೊಂಡಿದೀನಿ. ಹನ್ನೊಂದು ವರ್ಷಕ್ಕೆ ಮಗೂಗೆ ಹಲ್ಲೇ ಪೂರ್ತಿ ಬಂದಿರಲ್ಲ. ಹಲ್ಲು ಬರೋವರೆಗಾದ್ರೂ ಕಾಯಬಾರದಾ?" ಎಂದೆ.

ಕೋಣೆಯೆಲ್ಲ ನಕ್ಕಿತು. ಪ್ರೊಫೆಸರೂ ನಕ್ಕರು, ಪಾಪ, ಒಳ್ಳೆಯ ಮನುಷ್ಯ. ನ್ಯಾಯಾಧೀಶರು ಮಾತ್ರ ನಗದೆ ಮುಂದೆ ಬಾಗಿ, "ಹಾಗಾದ್ರೆ ಶಾಲೆ ಇರೋದು ಯಾತಕ್ಕಮ್ಮಾ? ಬರೆದಿದ್ದು ಬೇಡ, ಬಾಯಲ್ಲಿ ಹೇಳಿ" ಎಂದರು.

ಬರೆದ ನಲವತ್ತು ಪದವೂ ಮರೆತುಹೋಗಿದ್ದವು. ತೋಚಿದ್ದು ಹೇಳಿದೆ. "ಸಾರ್, ಕೊಳಾಯಿ ರಿಪೇರಿ ಮಾಡೋನಿಗೆ ಕಾನೂನು ಓದಕ್ಕೆ ಬರಬೇಕು. ಕಾನೂನು ಬರೆಯೋನಿಗೆ ಕೊಳಾಯಿ ಯಾಕೆ ಸೋರುತ್ತೆ ಅಂತ ತಿಳಿದಿರಬೇಕು. ಒಬ್ಬರಿಗೊಬ್ಬರು ಅರ್ಥ ಆಗಬೇಕಾದ್ರೆ ಚಿಕ್ಕವರಿದ್ದಾಗ ಒಂದೇ ಬೆಂಚಲ್ಲಿ ಕೂತು ಜಗಳ ಆಡಿರಬೇಕು. ನಾವೇನು ಮಾಡ್ತಿದೀವಿ? ಹನ್ನೊಂದಕ್ಕೇ ಬೇರೆ ಮಾಡಿ, ಆಮೇಲೆ ಇಪ್ಪತ್ತೊಂದಕ್ಕೆ ಎಲ್ಲರನ್ನೂ ಕರೆದು 'ಬನ್ರಪ್ಪಾ, ಎಲ್ಲ ಒಂದೇ ದೇಶದವರು' ಅಂತೀವಿ."

ನ್ಯಾಯಾಧೀಶರು ಪೆನ್ನು ತೆಗೆದು ಏನೋ ಬರೆದುಕೊಂಡರು. ಆಯೋಗದ ವರದಿಯ ಮುನ್ನುಡಿಯಲ್ಲಿ 'ಒಂದೇ ಬೆಂಚಿನಲ್ಲಿ ಕಲಿತ ನಾಗರಿಕರು' ಎಂಬ ಮಾತಿದೆ ನೋಡು. ಜಗಳ ಬಿಟ್ಟಿದ್ದಾರೆ. ಇಲಾಖೆಯ ಭಾಷೆಗೆ ಜಗಳ ಹಿಡಿಸುವುದಿಲ್ಲ.

ಆಗ ಪ್ರಾಂಶುಪಾಲೆ ಕೇಳಿದರು. ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೇ ತಿಳಿಯಬೇಕೆಂದು ಕೇಳಿದಂತಿತ್ತು. "ಕಸುಬಿನ ಶಾಲೆಗೆ ಹೋದವರೇನು ಕೆಟ್ಟು ಹೋದ್ರಾ? ಎಷ್ಟೋ ಜನ ಚೆನ್ನಾಗಿಯೇ ಇದಾರಲ್ಲ?"

"ಇದಾರೆ" ಎಂದೆ. "ನನ್ನ ಮಗನೇ ಇದಾನೆ."

ನಿನ್ನ ವಿಷಯ ಹೇಳಿದೆ ಮಗಾ. ನೀನು ಲೇತ್ ಯಂತ್ರದ ಮುಂದೆ ನಿಂತರೆ ಕೂದಲೆಳೆಯ ಹತ್ತರಲ್ಲೊಂದು ಭಾಗದಷ್ಟೂ ಆಚೀಚೆ ಆಗುವುದಿಲ್ಲ ಎಂದೆ. ನೀನು ತಿರುವಿ ಕೊಟ್ಟ ಶಾಫ್ಟುಗಳು ಮೂರು ಊರಿನ ನೀರಿನ ಪಂಪುಗಳಲ್ಲಿ ಇಂದಿಗೂ ತಿರುಗುತ್ತಿವೆ ಎಂದೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ, ಕಾರ್ಖಾನೆಯಿಂದ ಬಂದು ಕೈ ತೊಳೆದು, ಹಳೆಯ ಪುಸ್ತಕವೊಂದನ್ನು ಇಟ್ಟುಕೊಂಡು ಯಾರೂ ಹೇಳಿಕೊಡದೆ ತ್ರಿಕೋನಮಿತಿ ಕಲಿತೆ ಎಂದೆ. ನಿನಗೆ ನೆನಪಿದೆಯಾ, ಒಂದು ಲೆಕ್ಕ ಬಿಡಿಸಲು ಬಾರದೆ ನನ್ನ ಹತ್ತಿರ ತಂದೆ. ನನಗೂ ಬರಲಿಲ್ಲ. ಎರಡು ದಿನ ಕಳೆದು ನೀನೇ ನನಗೆ ಹೇಳಿಕೊಟ್ಟೆ.

ಆಮೇಲೆ ಹೇಳಿದೆ, "ಅವನು ಕೆಟ್ಟು ಹೋಗಲಿಲ್ಲ ಮೇಡಂ. ಅದು ಅವನ ದೊಡ್ಡತನ, ನಮ್ಮ ವ್ಯವಸ್ಥೇದಲ್ಲ. ಹದಿನಾರಕ್ಕೆ ಹೇಳಿಕೊಡಬೇಕಾಗಿದ್ದನ್ನ ಇಪ್ಪತ್ತಾರಕ್ಕೆ ಅವನೇ ಹುಡುಕ್ಕೊಂಡ. ಹುಡುಕಿ ಸಿಗದವರು ಎಷ್ಟು ಜನ ಅನ್ನೋದು ಯಾವ ನಕ್ಷೆಯಲ್ಲಿದೆ?"

ಆ ಹೊತ್ತಿಗೆ ಹಿಂದೆ ಕೂತಿದ್ದವರು ಚಪ್ಪಾಳೆ ತಟ್ಟಿದರು. ನ್ಯಾಯಾಧೀಶರು ಇದು ನಾಟಕಶಾಲೆಯಲ್ಲ ಎಂದು ಗದರಿದರು. ಆದರೆ ಮೆಲುದನಿಯಲ್ಲಿ.

ಹೊರಗೆ ಬಂದಾಗ ಕಾರಿಡಾರಿನಲ್ಲಿ ಪ್ರಾಂಶುಪಾಲೆ ನನ್ನ ಪಕ್ಕ ಬಂದು ನಿಂತರು. "ನನ್ನ ತಮ್ಮನೂ ಕಸುಬಿಗೇ ಹೋಗಿದ್ದು" ಎಂದರು. ಅಷ್ಟೇ. ಆಯೋಗದಲ್ಲಿ ಅವರು ಯಾವ ಕಡೆಗೆ ಮತ ಹಾಕಿದರೋ ತಿಳಿಯದು. ಒಂದೇ ಮತದ ಅಂತರದಲ್ಲಿ ನಾವು ಗೆದ್ದೆವು ಎಂಬುದಂತೂ ತಿಳಿದಿದೆ.

ಇನ್ನು ನಿನ್ನ ಪ್ರಶ್ನೆ. ಮಸೂದೆ ಪಾಸಾದರೆ ಹೊಸ ಶಾಲೆಗಳ ಕಾರ್ಯಾಗಾರಕ್ಕೆ ಶಿಕ್ಷಕರು ಬೇಕಾಗುತ್ತಾರೆ ಎಂಬ ಜಾಹೀರಾತು ನೋಡಿದೆ, ಅರ್ಜಿಯಲ್ಲಿ ವಿದ್ಯಾರ್ಹತೆ ಎಂಬ ಕಡೆ ಏನು ಬರೆಯಲಿ, ಖಾಲಿ ಬಿಟ್ಟರೆ ನಗುತ್ತಾರೇನೋ ಎಂದು ಕೇಳಿದ್ದೀಯ. ಹೊಸ ಕಾಯ್ದೆಯ ಹದಿನೇಳನೆಯ ಕಲಂ ಓದು. ಹದಿನೈದು ವರ್ಷ ಕಸುಬು ಮಾಡಿದವನ ಅನುಭವವನ್ನು ಪದವಿಗೆ ಸಮ ಎಂದು ಎಣಿಸಬೇಕು ಎಂದಿದೆ. ನೀನು ಮಾಡಿದ್ದು ಇಪ್ಪತ್ತಮೂರು. ಎಂಟು ವರ್ಷ ಹೆಚ್ಚೇ ಓದಿದ್ದೀಯ ಎಂದುಕೋ. ಆ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರಿ: ಲೇತ್ ಕೆಲಸ, ಇಪ್ಪತ್ತಮೂರು ವರ್ಷ. ನಗುವವರು ಬಂದು ಒಂದು ಶಾಫ್ಟು ತಿರುವಿ ತೋರಿಸಲಿ.

ನೀನು ಕರಿಹಲಗೆಯ ಮುಂದೆ ನಿಲ್ಲುವುದನ್ನು ನೆನೆದರೆ ನನಗೆ ಎದೆ ಉಬ್ಬುತ್ತದೆ. ಒಂದೇ ಮಾತು ನೆನಪಿಡು. ತಪ್ಪು ಮಾಡಿದ ಮಗುವಿನ ಕೈಯಿಂದ ಉಪಕರಣ ಕಿತ್ತುಕೊಂಡು ನೀನೇ ಮಾಡಿ ತೋರಿಸಬೇಡ. ಕಾಯಿ. ಶಿಕ್ಷಕರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ.

ಮೊಮ್ಮಗಳಿಗೆ ಹೇಳು, ಪರೀಕ್ಷೆ ಹೋಯಿತು ಎಂದರೆ ಮಗ್ಗಿ ಹೋಯಿತು ಎಂದಲ್ಲ. ರಜೆಗೆ ಬಂದಾಗ ಹದಿನೇಳರ ಮಗ್ಗಿ ಕೇಳುತ್ತೇನೆ. ಸೊಸೆಗೆ ನನ್ನ ಪ್ರೀತಿ. ನೀವು ಮೂವರೂ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ಯಾರಿಗೂ ತಲೆ ತಗ್ಗಿಸದೆ ಬಾಳಿ.

ಇಂತಿ ನಿನ್ನ
ಅಮ್ಮ
('ನಿವೃತ್ತ ಮುಖ್ಯೋಪಾಧ್ಯಾಯಿನಿ ಅಂತ ಸೇರಿಸು' ಎಂದು ನಿಮ್ಮಪ್ಪ ಹಿಂದಿನಿಂದ ಕೂಗುತ್ತಿದ್ದಾರೆ.)

ಮರೆತ ಮಾತು — ಮರೆತದ್ದಲ್ಲ. ಸೋಮವಾರ ಬೆಳಿಗ್ಗೆ ಲಕೋಟೆ ಬಿಡಿಸಿ ಮತ್ತೆ ಬರೆಯುತ್ತಿದ್ದೇನೆ.

ನಿನ್ನ ವಿಂಗಡಣೆ ಪರೀಕ್ಷೆಯ ಫಲಿತಾಂಶ ಬಂದ ದಿನ ನೀನು ಶಾಲೆಯ ಜಗಲಿಯಲ್ಲಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದೆ. ಎರಡು ಅಂಕ ಕಡಿಮೆ ಬಿದ್ದಿತ್ತು. ಮುಖ್ಯೋಪಾಧ್ಯಾಯಿನಿಯಾದ ನನ್ನ ಕೋಣೆಗೆ ಬಂದು, "ಅಮ್ಮಾ, ಏನೂ ಮಾಡಕ್ಕಾಗಲ್ವಾ?" ಎಂದೆ. "ನಿಯಮ ಇಲ್ಲ ಮಗಾ" ಎಂದೆ ನಾನು.

ನಿಯಮ ಇತ್ತು. ಎರಡು ಮೂರು ಅಂಕದಲ್ಲಿ ತಪ್ಪಿಹೋದ ಮಕ್ಕಳಲ್ಲಿ ಇಬ್ಬರನ್ನು ಪ್ರೌಢಶಾಲೆಗೆ ಸೇರಿಸಿಕೊಳ್ಳಿ ಎಂದು ಮುಖ್ಯೋಪಾಧ್ಯಾಯರು ಶಿಫಾರಸು ಮಾಡಬಹುದಿತ್ತು. ಮೇಲಿನವರು ಮರುಮಾತಾಡದೆ ಒಪ್ಪುತ್ತಿದ್ದರು. ಆ ಎರಡು ಹಳದಿ ಫಾರಂ ನೀನು ಬಂದು ನಿಂತಾಗ ನನ್ನ ಮೇಜಿನ ಮೇಲೇ ಇದ್ದವು. ನಾನು ಬೇರೆ ಇಬ್ಬರ ಹೆಸರು ಬರೆದೆ. ಅವರಲ್ಲಿ ಒಬ್ಬಳು ಈಗ ಪಶುವೈದ್ಯೆ. ಇನ್ನೊಬ್ಬ ಎರಡನೆಯ ವರ್ಷಕ್ಕೇ ಶಾಲೆ ಬಿಟ್ಟ. ನೀನು ಇಬ್ಬರಿಗಿಂತಲೂ ಮುಂದಿದ್ದೆ. ನನ್ನ ಮಗ ಎನ್ನುವುದೊಂದೇ ನಿನ್ನ ಕೊರತೆ. 'ತನ್ನ ಮಗನಿಗೇ ಬರ್ಕೊಂಡ್ಳು' ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಅನ್ನುತ್ತಾರೆಂದು ಹೆದರಿದೆ. ಅದನ್ನೇ ಪ್ರಾಮಾಣಿಕತೆ ಎಂದು ಮೂವತ್ತು ವರ್ಷ ನನಗೆ ನಾನೇ ಹೇಳಿಕೊಂಡೆ. ಪ್ರಾಮಾಣಿಕಳಾಗಿದ್ದರೆ ನಿನಗೆ ಸುಳ್ಳು ಹೇಳುತ್ತಿರಲಿಲ್ಲ.

ಆಯೋಗದ ಮುಂದೆ, ಅದು ನಮ್ಮ ವ್ಯವಸ್ಥೆಯ ದೊಡ್ಡತನವಲ್ಲ ಎಂದಾಗ, ಅವನ ತಾಯಿಯದೂ ಅಲ್ಲ ಎಂದು ಸೇರಿಸಬೇಕಿತ್ತು. ಚಪ್ಪಾಳೆ ಕೇಳಿ ಸುಮ್ಮನೆ ಕೂತುಬಿಟ್ಟೆ.

ಇವತ್ತು ಬೆಳಿಗ್ಗೆ ನಿಮ್ಮಪ್ಪನಿಗೆ ಮೊದಲ ಸಲ ಹೇಳಿದೆ. ಕೂತಲ್ಲೇ ಅವರ ಬಲಗಾಲು ಬ್ರೇಕ್ ಒತ್ತಿತು. ಆಮೇಲೆ, "ಅವನಿಗೆ ಬರಿ" ಎಂದರು. "ಕ್ಷಮಿಸು ಅಂತ ಬರೀಬೇಡ. ಅದು ಅವನಿಗೆ ಬಿಟ್ಟಿದ್ದು. ಆಗಿದ್ದನ್ನ ಆದ ಹಾಗೆ ಬರಿ."

ಬರೆದಿದ್ದೇನೆ.