ಇಬ್ಬರಿಗೆ ಸಾಕೇ ಅರವತ್ತು ಸಾವಿರ ಮೈಲು?

ಮಾರ್ಚ್ ೧೧, ಮಂಗಳವಾರ
ಮಧ್ಯಾಹ್ನ, ಅಡುಗೆಮನೆಯ ಮೇಜಿನಿಂದ

ಗೋಂದಿನ ದೊರೆಗಳಿಗೆ, ಕೌಂಟರ್ ನಂಬರ್ ಮೂರರ ನಮಸ್ಕಾರ.

ಆರು ವರ್ಷದ ಮೇಲೆ ನಿಮ್ಮ ಕಾಗದ ಬಂತು. ಲಕೋಟೆ ನೋಡಿದ ಕೂಡಲೇ ಗೊತ್ತಾಯಿತು. ಅಷ್ಟು ನೆಟ್ಟಗೆ ಅಂಚು ಮಡಿಸಿ, ಒಂದು ಚುಕ್ಕೆ ಹೊರಗೆ ಬಾರದಂತೆ ಅಂಟು ಹಚ್ಚುವವರು ನನಗೆ ಗೊತ್ತಿರುವ ಮಟ್ಟಿಗೆ ಒಬ್ಬರೇ. ಒಡೆದು ನೋಡಿದರೆ ಕ್ಷೇಮ ಸಮಾಚಾರ ಒಂದೂವರೆ ಸಾಲು, ಉಳಿದದ್ದೆಲ್ಲ ಬ್ಯಾಂಕಿನ ಪುರಾಣ! ವಿಮಾನ ಕಂಪನಿಯ ಕ್ರೆಡಿಟ್ ಕಾರ್ಡು ತೆಗೆದುಕೊಂಡಿದ್ದೀರಂತೆ. ಸ್ವಾಗತದ ಬೋನಸ್ ಎಂದು, ದುಡ್ಡಿನ ಬದಲು ಟಿಕೆಟ್ಟಿಗೆ ಕೊಡಬಹುದಾದ ಅರವತ್ತು ಸಾವಿರ ಮೈಲು ಕೊಡುತ್ತಾರಂತೆ. ಅದನ್ನು ಹೇಗೆ ಬಳಸಿದರೆ ಹೆಚ್ಚು ಲಾಭ ಎಂದು ಕೇಳಿದ್ದೀರಿ. ಆಮೇಲೆ ಹಾಳೆಯ ಅಂಚಿನಲ್ಲಿ, ಜಾಗ ಮುಗಿದ ಮೇಲೆ, ಇಬ್ಬರಿಗೆ ಸಾಕೇ ಎಂದು ಸಣ್ಣಕ್ಷರದಲ್ಲಿ ಸೇರಿಸಿದ್ದೀರಿ.

ಆ ಎರಡು ಪದವನ್ನು ಎಷ್ಟು ಸಲ ಓದಿದೆನೋ. ನಿಮ್ಮ ಅಕ್ಕನಂತೂ ಲಿಫ್ಟ್ ಹತ್ತಲೂ ಹೆದರುವವರು, ವಿಮಾನದ ಹತ್ತಿರ ಸುಳಿಯುವುದಿಲ್ಲ. ಹಾಗಾದರೆ ಎರಡನೆಯವರು ಯಾರು? ಕೇಳುವ ಧೈರ್ಯ ನನಗಿಲ್ಲ, ಬರೆಯುವ ಧೈರ್ಯ ನಿಮಗೆ ಇರಲಿಲ್ಲ. ಇರಲಿ, ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಇಪ್ಪತ್ತಾರು ವರ್ಷ ಟ್ರಾವೆಲ್ ಏಜೆನ್ಸಿಯ ಕೌಂಟರಿನಲ್ಲಿ ಕೂತು ಟಿಕೆಟ್ ಬರೆದವಳು ಇಷ್ಟೂ ಹೇಳದಿದ್ದರೆ ಹೇಗೆ?

ಬೋನಸ್ ಸುಮ್ಮನೆ ಬಂದು ಬೀಳುವುದಿಲ್ಲ. ಮೂರು ತಿಂಗಳೊಳಗೆ ಅವರು ಹೇಳಿದಷ್ಟನ್ನು ಕಾರ್ಡಿನಲ್ಲಿ ಖರ್ಚು ಮಾಡಬೇಕು. ಅದಕ್ಕೆಂದು ಬೇಡದ ಸಾಮಾನು ತಂದು ಮನೆ ತುಂಬಿಸಬೇಡಿ. ಅಂಗಡಿಗೆ ಹೇಗೂ ರಟ್ಟು, ದಾರ, ತೊಗಲು ಕೊಳ್ಳುತ್ತೀರಲ್ಲ, ಅದನ್ನೇ ಕಾರ್ಡಿನಲ್ಲಿ ಕೊಳ್ಳಿ. ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಿಬಿಡಿ. ಇಲ್ಲದಿದ್ದರೆ ನಿಮ್ಮ ಮೈಲನ್ನೆಲ್ಲ ಬಡ್ಡಿ ನುಂಗಿ ನೀರು ಕುಡಿಯುತ್ತದೆ. ಆಮೇಲೆ ಮೈಲಿಗೆ ಬದಲು ಇಸ್ತ್ರಿಪೆಟ್ಟಿಗೆ, ಸೂಟ್‌ಕೇಸ್ ಕೊಡುತ್ತೇವೆ ಎಂದು ಬಣ್ಣದ ಪುಸ್ತಕ ಕಳಿಸುತ್ತಾರೆ. ಅದರ ಹೊಲಿಗೆ ಹೇಗಿದೆ ಎಂದು ಬೇಕಾದರೆ ನೋಡಿ, ಒಳಗಿನ ಸಾಮಾನಿನ ಕಡೆ ತಲೆ ಹಾಕಿಯೂ ಮಲಗಬೇಡಿ. ಹತ್ತಿರದ ಊರಿಗೂ ಮೈಲು ಸುರಿಯಬೇಡಿ, ಅಲ್ಲಿಗೆ ಟಿಕೆಟ್ಟೇ ಅಗ್ಗ. ಮೈಲಿಗೆ ಬೆಲೆ ಬರುವುದು ದೂರದ ದಾರಿಯಲ್ಲಿ, ರಜೆಯ ಗದ್ದಲವಿಲ್ಲದ ತಿಂಗಳಲ್ಲಿ. ಆ ಕಂಪನಿಯ ಜೊತೆ ಒಪ್ಪಂದವಿರುವ ಬೇರೆ ಕಂಪನಿಗಳ ವಿಮಾನವನ್ನೂ ಹುಡುಕಿಸಿ. ಒಂದು ಕಡೆ ಇಳಿದು ಹತ್ತಬೇಕಾಗಬಹುದು, ಆದರೆ ಸೀಟು ಸಿಗುತ್ತದೆ. ಮೈಲಿನ ಟಿಕೆಟ್ಟಿಗೂ ತೆರಿಗೆಯನ್ನು ದುಡ್ಡಿನಲ್ಲೇ ಕಟ್ಟಬೇಕು, ಎಷ್ಟೆಂದು ಕೇಳದೆ ಹೂಂ ಅನ್ನಬೇಡಿ.

ದೂರದ ದಾರಿ ಎಂದರೆ ಎಲ್ಲಿಗೆ ಎಂದು ನೀವು ಬರೆದಿಲ್ಲ. ಬರೆಯಬೇಕಾಗಿಯೂ ಇಲ್ಲ. ಸಮುದ್ರದಾಚೆಯ ಆ ಹಳೆಯ ಗ್ರಂಥಾಲಯಕ್ಕೆ ತಾನೇ? ನಿನ್ನೆ ಕೂತು ಹುಡುಕಿ ನೋಡಿದೆ. ಸೆಪ್ಟೆಂಬರಿನಲ್ಲಿ ಒಬ್ಬರಿಗೆ ಹೋಗಲು ಮೂವತ್ತು ಸಾವಿರ, ಬರಲು ಮೂವತ್ತು ಸಾವಿರ. ಅಂದರೆ ನಿಮ್ಮ ಬೋನಸ್ಸಿನಲ್ಲಿ ಒಬ್ಬರು ಹೋಗಿ ಬರಬಹುದು, ಇಲ್ಲವೇ ಇಬ್ಬರು ಹೋಗಬಹುದು. ಇಬ್ಬರು ಹೋದರೆ ವಾಪಸ್ಸು ಬರಲು ಮೈಲಿಲ್ಲ, ಬರುವ ಟಿಕೆಟ್ಟೊಂದನ್ನೇ ಕೊಂಡರೆ ತಲೆ ತಿರುಗುವಷ್ಟು ದುಬಾರಿ. ಕೌಂಟರಿನಲ್ಲಿ ಯಾರು ಕೇಳಿದರೂ ಒಬ್ಬರೇ ಹೋಗಿ ಬನ್ನಿ, ಅದೇ ಲಾಭ ಎನ್ನುತ್ತಿದ್ದೆ.

ನಿಮಗೆ ನೆನಪಿದೆಯೇ, ನೀವು ಮೊದಲ ಸಲ ಆ ಕೌಂಟರಿಗೆ ಬಂದದ್ದು ಟಿಕೆಟ್ಟಿಗಲ್ಲ. ವಿಮಾನಗಳ ವೇಳಾಪಟ್ಟಿಯ ಪುಸ್ತಕ ಆಗ ಇಟ್ಟಿಗೆಯಷ್ಟು ದಪ್ಪ. ನಾಲ್ಕು ಹುಡುಗಿಯರು ದಿನವಿಡೀ ತಿರುವಿ ತಿರುವಿ ಅದರ ಬೆನ್ನು ಬಿಟ್ಟುಹೋಗಿತ್ತು. ಮ್ಯಾನೇಜರು ಬೈಂಡರನ್ನು ಕರೆಸಿದರು. ನೀವು ಬಂದವರೇ ನನ್ನ ಮುಂದೆ ಬೋರಲು ಬಿದ್ದಿದ್ದ ಪುಸ್ತಕವನ್ನು ಎತ್ತಿ, ಹೀಗೆ ಮಲಗಿಸಬಾರದು ಮೇಡಂ, ಅದಕ್ಕೂ ಬೆನ್ನು ನೋಯುತ್ತೆ ಎಂದಿರಿ. ಉಳಿದ ಮೂವರು ಕಿಸಕ್ಕನೆ ನಕ್ಕರು. ಆರು ತಿಂಗಳಿಗೆ ರದ್ದಿಗೆ ಹೋಗುವ ಪುಸ್ತಕಕ್ಕೆ ನೀವು ತೊಗಲಿನ ಬೆನ್ನು ಕಟ್ಟಿ, ಕೆಂಪು ರಿಬ್ಬನ್ ಇಟ್ಟುಕೊಟ್ಟಿರಿ. ಆಮೇಲೆ ಹೊಲಿಗೆ ಸರಿಯಾಗಿದೆಯೇ ನೋಡಲು ವಾರಕ್ಕೊಮ್ಮೆ ಬರತೊಡಗಿದಿರಿ. ಯಾವ ಬೈಂಡರು ಹಾಗೆ ಬರುತ್ತಾನೆ, ಹೇಳಿ?

ಮದುವೆಯಾದ ಮೇಲೆ ಆ ಹಳೆಯ ಪುಸ್ತಕ ಮನೆಗೆ ಬಂತು. ಭಾನುವಾರ ನೆಲದ ಮೇಲೆ ಅದನ್ನು ಬಿಡಿಸಿ, ಬೆಳಿಗ್ಗೆ ಏಳು ಹತ್ತಕ್ಕೆ ಹೊರಟು ಎಲ್ಲಿ ಇಳಿದು ಎಲ್ಲಿ ಹತ್ತುವುದು ಎಂದು ಹುಡುಕುತ್ತಿದ್ದೆವು. ನೀವು ಬೆರಳಿಟ್ಟು ಓದಿದ ಸಾಲಿಗೆಲ್ಲ ಗೋಂದಿನ ವಾಸನೆ. ನಿಮ್ಮ ಬೆರಳು ಕೊನೆಗೆ ಹೋಗಿ ನಿಲ್ಲುತ್ತಿದ್ದದ್ದು ಆ ಗ್ರಂಥಾಲಯದ ಊರಿನಲ್ಲೇ. ಅಲ್ಲಿ ಐನೂರು ವರ್ಷದ ಹೊಲಿಗೆ ಇನ್ನೂ ಬಿಟ್ಟಿಲ್ಲವಂತೆ, ಒಮ್ಮೆ ಕಣ್ಣಾರೆ ನೋಡಬೇಕು ಎನ್ನುತ್ತಿದ್ದಿರಿ. ನಾನು ಮೊದಲ ಕಾರ್ಡು ಮಾಡಿಸಿ ಬೋನಸ್ ಗಿಟ್ಟಿಸಿಕೊಂಡದ್ದೇ ಅದಕ್ಕಾಗಿ. ಆ ದಿನಗಳು ನನಗೆ ಈಗಲೂ ಬೇಕು ಅನ್ನಿಸುತ್ತವೆ. ಮುಚ್ಚಿಟ್ಟು ಏನಾಗಬೇಕಿದೆ?

ಇನ್ನು ಕೌಂಟರಿನಿಂದ ಎದ್ದು ಬಂದು ಒಂದು ಮಾತು ಹೇಳಬೇಕು. ಎರಡನೆಯ ಸೀಟು ನನಗೇ ಎಂದಿಟ್ಟುಕೊಳ್ಳೋಣ. ಇದನ್ನು ಹೇಳದೆ ಅದರಲ್ಲಿ ಕೂತರೆ ದಾರಿಯುದ್ದಕ್ಕೂ ಮುಳ್ಳಿನ ಮೇಲೆ ಕೂತ ಹಾಗೆ. ಹೇಳಿದರೆ ಸೀಟು ಕೈತಪ್ಪಬಹುದು. ಆದರೂ ಹೇಳುತ್ತೇನೆ.

ತಮ್ಮ ಊರಿನಲ್ಲೇ ಇದ್ದ ಅತ್ತೆಯವರಿಗೆ ಹುಷಾರಿಲ್ಲ ಎಂದು ನಿಮ್ಮ ಅಕ್ಕ ಫೋನ್ ಮಾಡಿದ್ದು ಒಂದು ಸೋಮವಾರ. ರೈಲಿನಲ್ಲಿ ಮೂರು ದಿನದ ದಾರಿ. ನೀವು ಅಂಗಡಿಯಿಂದ ನೇರ ಕೌಂಟರಿಗೆ ಬಂದಿರಿ, ಕೈಯ ಅಂಟು ಕೂಡ ತೊಳೆದಿರಲಿಲ್ಲ. ಮೈಲಾದರೂ ಸರಿ, ದುಡ್ಡಾದರೂ ಸರಿ, ಮೊದಲ ವಿಮಾನಕ್ಕೆ ಹತ್ತಿಸು ಎಂದಿರಿ. ನಾನು ಪರದೆ ನೋಡಿ, ಗುರುವಾರದವರೆಗೆ ಒಂದು ಸೀಟೂ ಇಲ್ಲ ಎಂದೆ.

ಸೀಟಿತ್ತು. ಮಂಗಳವಾರ ಬೆಳಿಗ್ಗೆಯ ವಿಮಾನದಲ್ಲಿ, ಕಿಟಕಿಯ ಪಕ್ಕ. ಗುರುವಾರದ್ದಕ್ಕಿಂತ ಎರಡರಷ್ಟು ಮೈಲು ಕೇಳುತ್ತಿತ್ತು, ದುಡ್ಡಾದರೂ ಎರಡರಷ್ಟೇ. ಅಷ್ಟು ಕೊಟ್ಟರೆ ಗ್ರಂಥಾಲಯದ ಆಸೆ ಬಿಡಬೇಕಿತ್ತು. ಡಾಕ್ಟರು ಗಾಬರಿ ಬೇಡ ಎಂದಿದ್ದಾರಲ್ಲ, ಎರಡು ದಿನದಲ್ಲಿ ಏನು ಮಹಾ ಆಗುತ್ತದೆ ಎಂದುಕೊಂಡೆ. ಬುಧವಾರ ಮಧ್ಯಾಹ್ನ ಅತ್ತೆ ಹೋದರು. ಕೊನೆಯವರೆಗೂ ನಿಮ್ಮನ್ನೇ ಕೇಳುತ್ತಿದ್ದರಂತೆ.

ತಿರುಗಿ ಬಂದವರು ನನ್ನನ್ನು ಬೈಯಲಿಲ್ಲ. ಗುರುವಾರದ್ದಾದರೂ ಕೊಡಿಸಿದೆಯಲ್ಲ, ಮಣ್ಣಿಗಾದರೂ ಹೋಗಿ ಸೇರಿಕೊಂಡೆ ಎಂದು ನನಗೇ ಸಮಾಧಾನ ಹೇಳಿದಿರಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲಿಂದಾಚೆ ನಿಮ್ಮ ಮುಖ ನೋಡಲು ಆಗಲಿಲ್ಲ. ಮಾತಾಡಿಸಿದರೆ ಸಿಡುಕಿದೆ, ಜೊತೆಗೆ ಊಟಕ್ಕೆ ಕೂರುವುದನ್ನೂ ಬಿಟ್ಟೆ. ನನ್ನ ತಪ್ಪೇನು ಹೇಳು ಎಂದು ಒಂದು ವರ್ಷ ಕೇಳಿ ಕೇಳಿ ಸಾಕಾಗಿ, ನೀವು ಅಕ್ಕನ ಊರಿಗೆ ಹೋಗಿ ಅಂಗಡಿ ಇಟ್ಟಿರಿ. ನಿಮ್ಮ ತಪ್ಪು ಏನೂ ಇರಲಿಲ್ಲ. ಇಷ್ಟನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಉಳಿದ ಮೈಲುಗಳನ್ನು ನಾನು ಮುಟ್ಟಲಿಲ್ಲ. ಮೂರು ವರ್ಷ ಬಳಸದಿದ್ದರೆ ರದ್ದಾಗುತ್ತವೆ ಎಂದು ಕಂಪನಿಯವರು ಬರೆದರು. ಸಣ್ಣದೊಂದು ಖರೀದಿ ಮಾಡಿದ್ದರೆ ಉಳಿಯುತ್ತಿದ್ದವು. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಹಾಳಾಗಿ ಹೋಗಲಿ ಎಂದು ಬಿಟ್ಟೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಇದು. ಲಾಭಕ್ಕೆ ಕಾಯಬೇಡಿ. ಹೋಗಬೇಕಾದ ದಿನ ಹೋಗಿಬಿಡಿ.

ಇದನ್ನು ಓದಿದ ಮೇಲೆ ಒಂದು ಸೀಟು ಸಾಕು ಅನ್ನಿಸಿದರೆ, ಒಬ್ಬರೇ ಹೋಗಿ ಬನ್ನಿ. ಸೆಪ್ಟೆಂಬರ್ ಎರಡನೆಯ ವಾರ ಒಳ್ಳೆಯದು. ನಾನು ಬೇಜಾರು ಮಾಡಿಕೊಳ್ಳುತ್ತೇನೆ, ಆದರೆ ನಿಮ್ಮನ್ನು ದೂರುವುದಿಲ್ಲ. ಇನ್ನೂ ಇಬ್ಬರಿಗೇ ಎಂದಾದರೆ, ಪಾಸ್‌ಪೋರ್ಟಿನಲ್ಲಿ ಇರುವ ಹೆಸರೇ ಟಿಕೆಟ್ಟಿನಲ್ಲೂ ಇರಬೇಕು, ಮರೆಯಬೇಡಿ. ನನ್ನದರಲ್ಲಿ ನನ್ನ ಹೆಸರಿನ ಜೊತೆ ನಿಮ್ಮ ಹೆಸರು ಹಾಗೇ ಇದೆ. ಹೊಸದು ಮಾಡಿಸುವಾಗ ಬದಲಾಯಿಸಬೇಕೇ ಎಂದು ಕೇಳಿದರು, ಬೇಡ ಎಂದೆ.

ಊಟ ಹೊತ್ತಿಗೆ ಸರಿಯಾಗಿ ಮಾಡಿ. ಕನ್ನಡಕ ಹಾಕಿಕೊಂಡೇ ಸೂಜಿ ಹಿಡಿಯಿರಿ.

ನಿಮ್ಮ
ಕೌಂಟರ್ ನಂಬರ್ ಮೂರು

ತಾ. ಕ.: ನಿಮ್ಮ ಕಾಗದ ಬಂದ ಮಾರನೆಯ ದಿನವೇ ಬ್ಯಾಂಕಿಗೆ ಹೋಗಿ ನಾನೂ ಅದೇ ಕಾರ್ಡಿಗೆ ಅರ್ಜಿ ಹಾಕಿದೆ. ನಿನ್ನೆ ಕೈಗೆ ಬಂತು. ಬೋನಸ್ ಅಷ್ಟೇ, ಅರವತ್ತು ಸಾವಿರ. ಹೋಗುವುದು ನಿಮ್ಮದರಲ್ಲಾದರೆ ಬರುವುದು ನನ್ನದರಲ್ಲಿ. ಆದರೆ ಮೂರು ತಿಂಗಳೊಳಗೆ ಖರ್ಚು ತೋರಿಸಬೇಕು, ಒಬ್ಬಳಿಗೆ ಏನು ಖರ್ಚು? ಆ ಹಳೆಯ ವೇಳಾಪಟ್ಟಿಯ ಬೆನ್ನು ಮತ್ತೆ ಬಿಟ್ಟಿದೆ. ನಾನೇ ಹೊತ್ತು ತಂದರೆ, ನಿಮ್ಮ ಅಂಗಡಿಯಲ್ಲಿ ಕಾರ್ಡು ತೆಗೆದುಕೊಳ್ಳುತ್ತೀರಾ?